ಎರವಲು ತಂದ ಲೆಕ್ಕದ ಮೇಷ್ಟ್ರು

ಮನೆಯಿಂದ,
ಹದಿನಾರನೇ ತಾರೀಖು, ಮಂಗಳವಾರ ಬೆಳಗ್ಗೆ

ನನ್ನವರಿಗೆ,

ಹೇಗಿದ್ದೀರಿ? ಮಂಡಿ ನೋವು ಕಡಿಮೆಯಾಯಿತೇ? ಅತಿಥಿಗೃಹದ ಲಿಫ್ಟ್ ಕೆಟ್ಟು ಕೂತಿದೆ ಅಂದಿದ್ದಿರಿ, ಸರಿಮಾಡಿಸಿದರೇ? ರಾಜ್ಯದ ಶಾಲೆಗಳನ್ನೆಲ್ಲ ಉದ್ಧಾರ ಮಾಡಲು ಕೂತ ನಿಮ್ಮ ಶಿಕ್ಷಣ ಮಂಡಳಿಗೆ ಒಂದು ಲಿಫ್ಟ್ ಉದ್ಧಾರ ಮಾಡಲಾಗಲಿಲ್ಲವಲ್ಲ ಎಂದು ಅತ್ತೆ ನಗುತ್ತಿದ್ದಾರೆ. ಅವರು ಆರೋಗ್ಯವಾಗಿದ್ದಾರೆ. ಕನ್ನಡಕ ಕಾಣುತ್ತಿಲ್ಲ ಎಂದು ಮನೆಯೆಲ್ಲ ಹುಡುಕುತ್ತಾರೆ, ಕೊನೆಗೆ ನಾನು ಅವರ ತಲೆಯ ಮೇಲಿಂದಲೇ ತೆಗೆದುಕೊಡುತ್ತೇನೆ. ನಿಮ್ಮ ಸ್ವೆಟರು, ಮಾತ್ರೆ, ಇಸ್ತ್ರಿ ಮಾಡಿದ ಅಂಗಿಗಳು ಚೀಲದಲ್ಲಿವೆ. ಅವುಗಳನ್ನು ಒಯ್ಯಲು ಬಂದ ನಿಮ್ಮ ಡ್ರೈವರು ಹೊರಗೆ ಚಹಾ ಕುಡಿಯುತ್ತಿದ್ದಾರೆ. ಅವರು ಲೋಟ ಕೆಳಗಿಡುವುದರೊಳಗೆ ಇದನ್ನು ಮುಗಿಸಬೇಕು.

ಫೋನ್ ಇರುವಾಗ ಪತ್ರ ಯಾಕೆ ಅಂತೀರಿ. ಫೋನಿನಲ್ಲಿ ನನ್ನ ಮಾತು ಅರ್ಧಕ್ಕೆ ಬರುವ ಮೊದಲೇ "ಆಯ್ತು ಆಯ್ತು, ಆಮೇಲೆ ಮಾತಾಡೋಣ" ಅಂದುಬಿಡುತ್ತೀರಿ. ಮದುವೆಯಾದಾಗಿನಿಂದ ಆ ‘ಆಮೇಲೆ’ಗೆ ಕಾಯುತ್ತಿದ್ದೇನೆ ರೀ. ಕಳೆದ ವಾರವೂ ಅಷ್ಟೆ. "ನಿಮ್ಮ ಶಾಲೆಗೆ ‘ಉತ್ತಮ’ ಬಂದಿದೆ ಕಣೇ, ಲೆಕ್ಕದ ಪಾಠ ಅದ್ಭುತ ಅಂತ ತಪಾಸಣೆಯವರು ಬರೆದಿದ್ದಾರೆ" ಎಂದು ಹೇಳುವಾಗ ನಿಮ್ಮ ದನಿಯಲ್ಲಿ ಎಷ್ಟು ಹಿಗ್ಗಿತ್ತು! ಬಾಯಿ ತೆರೆದೆ, ಅಷ್ಟರಲ್ಲಿ ಯಾರೋ ನಿಮ್ಮನ್ನು ಕರೆದರು. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಈಗಲೂ ನೋಡಿ, ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಒಲೆ ನೋಡಿ ಬಂದೆ. ಒಲೆಯ ಮೇಲೆ ಏನೂ ಇಲ್ಲ.

ಆ ಅದ್ಭುತ ಪಾಠ ಮಾಡಿದವರು ನಮ್ಮ ಶಾಲೆಯವರೇ ಅಲ್ಲ. ನಮ್ಮ ಲೆಕ್ಕದ ಮೇಷ್ಟ್ರನ್ನು ಶಿಕ್ಷಣ ಕಚೇರಿಯವರು ಕರೆಸಿಕೊಂಡು ವರ್ಷವಾಯಿತಲ್ಲ, ಅವರು ಇನ್ನೂ ವಾಪಸಾಗಿಲ್ಲ. ಅಲ್ಲಿ ಕೂತು ಜಿಲ್ಲೆಯ ಮಕ್ಕಳಿಗೆಲ್ಲ ಲೆಕ್ಕದಲ್ಲಿ ಎಷ್ಟು ಅಂಕ ಬಂತು ಎಂದು ಕಂಪ್ಯೂಟರಿಗೆ ತುಂಬುತ್ತಿದ್ದಾರೆ. ಸಂಬಳ ಮಾತ್ರ ನಮ್ಮ ಶಾಲೆಯ ಹೆಸರಿನಲ್ಲೇ ಆಗುವುದರಿಂದ ಕಾಗದದ ಮೇಲೆ ನಮಗೆ ಲೆಕ್ಕದ ಮೇಷ್ಟ್ರು ಇದ್ದಾರೆ. ತರಗತಿಯಲ್ಲಿ ಇರುವವಳು ನಾನು. ಭಾಷೆ ಕಲಿಸುವವಳು ಲೆಕ್ಕ ಕಲಿಸುವುದೆಂದರೆ ಹೇಗಿರುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕೇ? ತರಕಾರಿಯವನ ಹತ್ತಿರ ಚಿಲ್ಲರೆ ಎಣಿಸುವಾಗ ನೀವು ನನ್ನನ್ನು ಎಷ್ಟು ಆಡಿಕೊಂಡಿಲ್ಲ! ರಾತ್ರಿ ಕಲಿತದ್ದನ್ನು ಬೆಳಗ್ಗೆ ಒಪ್ಪಿಸುತ್ತೇನೆ. ಮಕ್ಕಳು ಒಂದು ಹೆಚ್ಚಿನ ಪ್ರಶ್ನೆ ಕೇಳಿದರೆ ನನ್ನ ಕೈಯ ಸೀಮೆಸುಣ್ಣ ಬೆವರಿನಲ್ಲಿ ನೆನೆಯುತ್ತದೆ.

ತಪಾಸಣೆ ಎಂದ ಕೂಡಲೇ ನಮ್ಮ ಹೆಡ್ ಮೇಷ್ಟ್ರಿಗೆ ನಿದ್ದೆ ಹಾರಿಹೋಯಿತು. ಪಾಪ, ಇನ್ನೇನು ನಿವೃತ್ತಿಗೆ ಬಂದವರು. "ಮರ್ಯಾದೆಯಾಗಿ ಮನೆಗೆ ಹೋಗೋದು ಬೇಡ್ವಾ ಟೀಚರ್?" ಅಂದರು. ಕಾಲುವೆಯ ಆಚೆಗಿನ ಶಾಲೆಯ ಲೆಕ್ಕದ ಮೇಷ್ಟ್ರನ್ನು ಒಂದು ದಿನದ ಮಟ್ಟಿಗೆ ಕೇಳಿ ತಂದರು. ಇದೇನು ಹೊಸದಲ್ಲ. ಅವರ ಶಾಲೆಗೆ ತಪಾಸಣೆ ಬಂದಾಗ ನಮ್ಮ ಸೂಕ್ಷ್ಮದರ್ಶಕ ಅಲ್ಲಿಗೆ ಹೋಗಿತ್ತು, ಇಲ್ಲಿಗೆ ಬಂದಾಗ ಅವರ ಗ್ಲೋಬು ಇಲ್ಲಿಗೆ ಬಂತು. ಸಾಮಾನಿನ ಜೊತೆ ಈ ಸಲ ಮನುಷ್ಯರೂ ಬಂದರು, ಅಷ್ಟೆ. ತಂಡದವರು ನಿಂತು ನೋಡುವ ಕಡೆಯ ಗೋಡೆಗೆ ಬಣ್ಣ ಬಳಿಸಿದೆವು. ಸೋರುವ ಮೂಲೆಗೆ ಬೀರು ಎಳೆದೆವು. ಬೀರು ಎಳೆಯಲು ನಾನೂ ಕೈ ಕೊಟ್ಟೆ. ನನಗೂ ಒಳಗೊಳಗೇ ಖುಷಿಯೇ ಆಗಿತ್ತು ಅನ್ನಿ.

ನೀವು ಈ ಯೋಜನೆ ತಂದಾಗ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಸೋತ ಶಾಲೆಯನ್ನು ಬೈಯಬಾರದು, ಅಲ್ಲಿಗೆ ಒಳ್ಳೆಯ ಮೇಷ್ಟ್ರನ್ನು ಕಳಿಸಬೇಕು ಅಂದಿರಿ. ‘ನೆರವು ಬೇಕಾದ ಶಾಲೆ’ ಎಂದು ಬಂದರೆ ಲೆಕ್ಕಕ್ಕೆ ಒಬ್ಬರು ಹೆಚ್ಚುವರಿ ಶಿಕ್ಷಕರು, ‘ಉತ್ತಮ’ ಎಂದು ಬಂದರೆ ಒಂದು ಫಲಕ. ಇದಕ್ಕಾಗಿ ಮಂಡಳಿಯಲ್ಲಿ ಎಷ್ಟು ಜನರ ಹತ್ತಿರ ಜಗಳ ಕಾದಿರಿ! ನನಗೆ ನಿಮ್ಮ ಮೇಲೆ ಹೆಮ್ಮೆಯಿದೆ, ಎದುರಿಗೆ ಹೇಳಿದರೆ ಉಬ್ಬಿಹೋಗುತ್ತೀರಿ ಎಂದು ಹೇಳುವುದಿಲ್ಲ. ಆದರೆ ಇಷ್ಟು ವರ್ಷ ಕಡಿಮೆ ಬಂದ ಶಾಲೆಗೆ ಬಂದದ್ದು ನೋಟಿಸು, ವರ್ಗಾವಣೆ, ನಾಲ್ಕು ಜನರ ಮುಂದೆ ಛೀಮಾರಿ. ಈ ಸಲ ನಿಜ ಹೇಳಿದರೆ ನೆರವು ಬರುತ್ತದೆ ಎಂದು ಒಂದು ಸುತ್ತೋಲೆ ಕಳಿಸಿದರೆ ನಂಬುವವರು ಯಾರು? ನಿಮ್ಮ ಹೆಂಡತಿಯೇ ನಂಬಲಿಲ್ಲವಲ್ಲ. ಬೀರು ಎಳೆದೆನಲ್ಲ.

ಈಗ ಹೆಡ್ ಮೇಷ್ಟ್ರ ಕೋಣೆಯಲ್ಲಿ ಫಲಕ ತೂಗುತ್ತಿದೆ. ಶಿಕ್ಷಕರು ಸಿಗುವ ಶಾಲೆಗಳ ಪಟ್ಟಿಯಲ್ಲಿ ನಾವಿಲ್ಲ. ಗುರುವಾರ ನಿಮ್ಮ ಮಂಡಳಿಯ ಸಭೆಯಲ್ಲಿ ಆ ಪಟ್ಟಿ ಒಪ್ಪಿಗೆಯಾಗಿಬಿಟ್ಟರೆ ಇನ್ನೆರಡು ವರ್ಷ ಯಾರೂ ನಮ್ಮ ಕಡೆ ತಿರುಗಿ ನೋಡುವುದಿಲ್ಲ. ಅಷ್ಟರಲ್ಲಿ ಈ ಏಳನೇ ತರಗತಿಯ ಮಕ್ಕಳು ಲೆಕ್ಕವೇ ಬಾರದೆ ನಮ್ಮ ಕೈ ದಾಟಿ ಹೋಗಿರುತ್ತಾರೆ.

ಇಷ್ಟಾದರೂ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಆ ಎರವಲು ಮೇಷ್ಟ್ರು ಇದ್ದಾರಲ್ಲ, ಅವರು ತೋರಿಕೆಗೆ ಪಾಠ ಮಾಡಲಿಲ್ಲ ರೀ. ತಪಾಸಣೆಯವರು ಎದ್ದುಹೋದ ಮೇಲೂ ಸಂಜೆಯ ಗಂಟೆಯವರೆಗೆ ನಿಂತು ಮಾಡಿದರು. ಒಂದು ಹಾಳೆಯನ್ನು ಮಡಿಸಿ, ಮತ್ತೆ ಮಡಿಸಿ, ಬಿಡಿಸಿ ತೋರಿಸಿ ಭಿನ್ನರಾಶಿ ಹೇಳಿಕೊಟ್ಟರು. ನಾನು ತಿಂಗಳುಗಟ್ಟಲೆ ಒದ್ದಾಡಿದ್ದು ಮಕ್ಕಳಿಗೆ ಅರ್ಧ ಗಂಟೆಯಲ್ಲಿ ಹೊಳೆಯಿತು. ಹಿಂದಿನ ಬೆಂಚಿನಲ್ಲಿ ತುಟಿ ಬಿಚ್ಚದೆ ಕೂರುವ ಒಬ್ಬಳಿದ್ದಾಳೆ, ನಾನು ಮೌನಗೌರಿ ಅಂತ ಕರೆಯುತ್ತೇನಲ್ಲ, ಅವಳು ಎದ್ದು ನಿಂತು ಉತ್ತರ ಹೇಳಿದಳು. ಮರುದಿನ ನಾನು ತರಗತಿಗೆ ಕಾಲಿಟ್ಟಾಗ ಅವಳು ಬಾಗಿಲ ಕಡೆಯೇ ನೋಡುತ್ತಿದ್ದಳು. "ಟೀಚರ್, ನಿನ್ನೆ ಬಂದಿದ್ದ ಸರ್ ಇವತ್ತು ಬರಲ್ವಾ?" ಅಂದಳು. ಬರುತ್ತಾರೆ ಅಂದುಬಿಟ್ಟೆ. ಇನ್ನೇನು ಹೇಳಲಿ? ಅಂದಿನಿಂದ ದಿನಾ ಕೇಳುತ್ತಾಳೆ. ನಿನ್ನೆ ಕೇಳಲಿಲ್ಲ. ಮತ್ತೆ ತುಟಿ ಹೊಲಿದುಕೊಂಡು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅವಳು ಕೇಳದಿದ್ದದ್ದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

ನಿನ್ನೆ ಸಂಜೆ ಹೆಡ್ ಮೇಷ್ಟ್ರ ಹತ್ತಿರ ಹೋಗಿ, ಮಂಡಳಿಗೆ ನಿಜ ತಿಳಿಸಬೇಕು ಅಂದೆ. ಅವರ ಮುಖ ಸಪ್ಪಗಾಯಿತು. "ನಾನು ಮನೆಗೆ ಹೋದ್ಮೇಲೆ ಹೇಳಿ ಟೀಚರ್, ನಿಮಗೆ ಕೈ ಮುಗೀತೀನಿ" ಅಂದರು. ಇಡೀ ಆಯುಸ್ಸು ಆ ಶಾಲೆಗೆ ತೇಯ್ದವರು. ಅವರ ಕೈ ಹಿಡಿದು ಅತ್ತುಬಿಡಬೇಕು ಅನಿಸಿತು. ಮೌನಗೌರಿ ಕೇಳಿದ್ದನ್ನಷ್ಟೇ ಹೇಳಿ ಎದ್ದು ಬಂದೆ.

ನಿಮಗೆ ಸಂಕಟಕ್ಕೆ ಬರುತ್ತದೆ ಎಂದು ನನಗೆ ಗೊತ್ತು. ಮಂಡಳಿ ಸದಸ್ಯರ ಹೆಂಡತಿಯ ಶಾಲೆಯಲ್ಲೇ ನಾಟಕ ನಡೆಯಿತು ಎಂದು ಜನ ಆಡಿಕೊಳ್ಳದೆ ಇರುತ್ತಾರೆಯೇ? ಹಾಗಂತ ನೀವು ನಮ್ಮ ಪರವಾಗಿ ಒಂದು ಮಾತು ಹಾಕಿ ಎಂದು ಕೇಳುತ್ತಿಲ್ಲ. ಮನೆಯವರ ವಿಷಯ ಬಂದಾಗ ಸದಸ್ಯರು ಸಭೆಯಿಂದ ಹೊರಗೆ ಹೋಗಬೇಕು ಎಂಬ ನಿಯಮ ತಂದವರೇ ನೀವು. ಅದನ್ನು ಮುರಿದರೆ ನಾನೇ ನಿಮ್ಮ ಜೊತೆ ಮಾತು ಬಿಡುತ್ತೇನೆ.

ಡ್ರೈವರು ಲೋಟ ತೊಳೆದಿಟ್ಟೇ ಬಿಟ್ಟರು. ಮಾತ್ರೆ ತಪ್ಪಿಸಬೇಡಿ, ಮೆಟ್ಟಿಲು ನಿಧಾನ ಹತ್ತಿ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಕಿವಿಗೆ ಬಟ್ಟೆ ಸುತ್ತಿಕೊಳ್ಳದೆ ಹೊರಗೆ ಹೋಗಬೇಡ ಅಂದಿದ್ದಾರೆ. ನೀವಿಲ್ಲದೆ ಮನೆ ಬಿಕೋ ಅನ್ನುತ್ತಿದೆ.

ಇಂತಿ,
ಲೆಕ್ಕ ಬಾರದ
ನಿಮ್ಮವಳು

ಮರೆತ ಮಾತು: ಮಂಡಳಿಯ ಸಭೆಯಲ್ಲಿ ಪಟ್ಟಿ ಒಪ್ಪುವ ಮೊದಲು ಸಾರ್ವಜನಿಕರಿಗೆ ಮಾತಾಡಲು ಸ್ವಲ್ಪ ಹೊತ್ತು ಕೊಡುತ್ತಾರಲ್ಲ, ಅದಕ್ಕೆ ನನ್ನ ಹೆಸರು ಕೊಟ್ಟಿದ್ದೇನೆ. ಗುರುವಾರ ಮೊದಲ ಬಸ್ಸಿಗೆ ಬರುತ್ತೇನೆ. ಇದನ್ನು ಬರೆದು ಮಡಿಸುತ್ತಿರುವಾಗಲೇ ಹೆಡ್ ಮೇಷ್ಟ್ರು ಮನೆ ಬಾಗಿಲಿಗೆ ಬಂದರು. ಫಲಕವನ್ನು ಗೋಡೆಯಿಂದ ಇಳಿಸಿ ಹಳೇ ಪೇಪರಿನಲ್ಲಿ ಸುತ್ತಿ ತಂದಿದ್ದಾರೆ. "ನಾನೂ ಬರ್ತೀನಿ ಟೀಚರ್, ನಾನೇ ವಾಪಸ್ ಕೊಡ್ತೀನಿ" ಅಂದರು. ನನ್ನ ಹೆಸರು ಕರೆದಾಗ ನೀವು ನಿಯಮದಂತೆ ಎದ್ದು ಹೊರಗೆ ಹೋಗಿ. ಆದರೆ ಬಾಗಿಲು ಪೂರ್ತಿ ಎಳೆದುಕೊಳ್ಳಬೇಡಿ ರೀ. ಒಂದು ಸಲವಾದರೂ ನನ್ನ ಮಾತನ್ನು ಕೊನೆಯವರೆಗೆ ಕೇಳಿ.