ಆರಿಸಿದ್ದು ನನ್ನನ್ನಲ್ಲ

ಜೂನ್ ೧೦, ಮಂಗಳವಾರ

ಹೊಟ್ಟೆ ಉರಿಯುತ್ತಿದೆ. ಇಲ್ಲಿ ಬರೆಯದೆ ಇನ್ನೆಲ್ಲಿ ಕಾರಿಕೊಳ್ಳಲಿ?

ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಕೆಲಸಗಾರರ ಪರ ಮಾತಾಡುವವರನ್ನು ಇಷ್ಟು ದಿನ ಮ್ಯಾನೇಜರನೇ ಸೆಲೆಕ್ಟ್ ಮಾಡುತ್ತಿದ್ದ. ನಮ್ಮವರನ್ನು ನಾವೇ ಆರಿಸುತ್ತೇವೆ ಎಂದು ಗೇಟಿನ ಮುಂದೆ ಗಂಟಲು ಹರಿದುಕೊಂಡವಳು ನಾನು. ಕೊನೆಗೂ ಗೆದ್ದೆವು. ಇವತ್ತು ಎಲ್ಲರೂ ಕೈಯೆತ್ತಿ ಆರಿಸಿದರು. ನನ್ನನ್ನಲ್ಲ, ನನ್ನ ನಾದಿನಿಯನ್ನು! ನಾನೂ ಕೈಯೆತ್ತಿದೆ. ಎತ್ತದಿದ್ದರೆ ನನ್ನ ಬಣ್ಣ ಬಯಲಾಗುತ್ತಿತ್ತು.

ಮನೆಗೆ ಬಂದವಳೇ ಕುಣಿದಳು. "ಅತ್ತಿಗೆ, ನಾನು ಸೆಲೆಕ್ಟ್ ಆದೆ!"

"ಸೆಲೆಕ್ಟ್ ಮಾಡೋದು ಧಣಿ ಕಣೇ. ಬೇಡ ಅನ್ನಿಸಿದ್ರೆ ಬಿಸಾಕ್ತಾನೆ. ನಿನ್ನನ್ನ ಜನ ಆರಿಸಿದ್ದಾರೆ. ಅವರಿಗೆ ಉತ್ತರ ಕೊಡ್ಬೇಕು."

"ಯಾವುದೋ ಒಂದು ಬಿಡಿ. ನಾಳೆ ಮ್ಯಾನೇಜರ್ ಎದುರು ಓವರ್‌ಟೈಮ್ ದುಡ್ಡಿನ ಬಗ್ಗೆ ಏನು ಮಾತಾಡ್ಲಿ, ಅದು ಹೇಳಿ."

"ಆರಿಸಿದೋರನ್ನೇ ಹೋಗಿ ಕೇಳು," ಎಂದು ಬಾಗಿಲು ಹಾಕಿಕೊಂಡೆ.

ನಾಳೆ ಅವಳು ತೊದಲಲಿ, ಮ್ಯಾನೇಜರ ನಗಲಿ ಎಂದು ಮನಸ್ಸು ಬಯಸುತ್ತಿದೆ. ಥೂ! ಅವನು ನಗುವುದು ಅವಳೊಬ್ಬಳನ್ನು ನೋಡಿಯೇ? ನಮ್ಮೆಲ್ಲರನ್ನೂ ನೋಡಿ. ಇಷ್ಟು ತಿಳಿದೂ ಈ ಕಿಚ್ಚು ತಣಿಯುತ್ತಿಲ್ಲ. ಆಚೆ ಕೋಣೆಯಲ್ಲಿ ಅವಳೊಬ್ಬಳೇ ಓವರ್‌ಟೈಮಿನ ಮಾತು ಅಭ್ಯಾಸ ಮಾಡುತ್ತಾ ಮತ್ತೆ ಮತ್ತೆ ತಪ್ಪುತ್ತಿದ್ದಾಳೆ. ಏಳಲೇಬೇಕು. ಇನ್ನೊಂದು ಗಳಿಗೆ ಉರಿದುಕೊಂಡು, ಆಮೇಲೆ ಹೋಗಿ ಹೇಳಿಕೊಡುತ್ತೇನೆ.