ಬಿರುಕು ಬಿಡದ ಬೆಸುಗೆ

ಭೋಸರಿ, ಪುಣೆ
ಶುಕ್ರವಾರ

ದೊಡ್ಡಪ್ಪನವರಿಗೆ ಭಾಗೂ ಮಾಡುವ ನಮಸ್ಕಾರ. ಫೋನಿನಲ್ಲಿ ನನ್ನ ಮಾತು ಮುಗಿಯಲು ನೀವು ಬಿಡುವುದಿಲ್ಲ, ಅದಕ್ಕೇ ಈ ಕಾರ್ಡು.

ಇವತ್ತು ಬೆಳಿಗ್ಗೆ ನನ್ನ ವೆಲ್ಡಿಂಗ್ ಪರೀಕ್ಷೆಯಿತ್ತು. ಇಲ್ಲಿ ಪ್ರಶ್ನೆಪತ್ರಿಕೆ ಇಲ್ಲ. ನಾವು ಬೆಸೆದ ಕಬ್ಬಿಣದ ಪಟ್ಟಿಯನ್ನು ಯಂತ್ರದಲ್ಲಿಟ್ಟು ಲಾಳದಂತೆ ಬಗ್ಗಿಸುತ್ತಾರೆ. ಬೆಸುಗೆ ಬಿರುಕು ಬಿಟ್ಟರೆ ನಪಾಸು. ನನ್ನದು ಆಗಲೇ ಎರಡು ಸಲ ಬಿಟ್ಟಿತ್ತು. ಮೂರನೆಯದೂ ಹೋದರೆ ಮತ್ತೆ ಆರು ತಿಂಗಳು ತುಕ್ಕು ಉಜ್ಜುವ ಕೆಲಸವೇ ಗತಿ. ನಾನು ಗಡಿಬಿಡಿಯಲ್ಲಿ ಬೆಸೆಯತೊಡಗಿದ್ದನ್ನು ಕಂಡು, ನಮಗೆ ಕಲಿಸುವ ಬಾಗಲಕೋಟೆಯ ಹೊಳಬಸಪ್ಪನವರು ಹತ್ತಿರ ಬಂದರು.

“ಅವಸರ ಮಾಡಬ್ಯಾಡ ತಂಗಿ. ರೊಟ್ಟಿ ಬಡಿಯೂವಾಗ ಕೈ ಹೆಂಗ ಒಂದ ಸಮ ಆಡತೈತಿ, ಹಂಗ ಆಡಲಿ.”

“ನನಗ ರೊಟ್ಟಿ ಬಡ್ಯಾಕ ಬರೂದಿಲ್ರಿ ಸರ್!”

ಅವರು ಜೋರಾಗಿ ನಕ್ಕರು, ನನಗೂ ನಗು ಬಂತು, ಗಡಿಬಿಡಿ ಇಳಿಯಿತು. ಪಟ್ಟಿ ಪೂರ್ತಿ ಬಗ್ಗಿತು ದೊಡ್ಡಪ್ಪಾ, ಕೂದಲೆಳೆಯಷ್ಟೂ ಬಿರುಕಿಲ್ಲ! ನನ್ನ ಜೊತೆ ಕಲಿಯುವ ಸ್ನೇಹಲ್ ಅದನ್ನು ಹಿಡಿದುಕೊಂಡು ಇಡೀ ಶೆಡ್ಡಿಗೆ ತೋರಿಸಿ ಬಂದಳು. ಸೋಮವಾರದಿಂದ ನನಗೆ ನೀರಿನ ಟ್ಯಾಂಕರ್ ಕಟ್ಟುವ ಕೆಲಸ.

ಬೆಸುಗೆಯ ಬೆಳಕಿನಿಂದ ಕಣ್ಣಿಗೆ ಏನೂ ಆಗಿಲ್ಲ, ಚೆನ್ನಾಗಿವೆ. ಮೊಣಕೈಗೆ ಕಿಡಿ ಸಿಡಿದ ಗಾಯ ಮಾಯ್ದಿದೆ, ಅವ್ವನಿಗೆ ಹೇಳಬೇಡಿ.

ನಿಮ್ಮ ಮಗಳು ಮಾಧುರಿ ಹತ್ತನೆಯದು ಮುಗಿಸಿ ಇಲ್ಲಿಯ ಐಟಿಐ ಸೇರಬೇಕೆಂದು ಅರ್ಜಿ ತಂದಿಟ್ಟಿದ್ದಾಳೆ, ನಿಮ್ಮ ಸಹಿ ಕೇಳಲು ಅಂಜುತ್ತಿದ್ದಾಳೆ. ನೀವೇ ಕರೆದು ಕೇಳಿ. ಊಟದ ಬಿಡುವು ಮುಗಿಯಿತು, ಸೈರನ್ ಕೂಗುತ್ತಿದೆ. ನಮ್ಮ ಬಾಡಿಗೆ ಖೋಲಿಯಲ್ಲಿ ಅವಳ ಹಾಸಿಗೆಗೂ ಜಾಗವಿದೆ.

ನಿಮ್ಮ ಭಾಗೂ