1601ರ ಉಂಗುರ

22 ಜನವರಿ 2021, ಪುಚೊಂಗ್, ಮಲೇಷ್ಯಾ
ಇವತ್ತೂ ಅದೇ. ಕ್ಲಾಂಗ್ ಬಂದರಿಗೆ ಬೆಳಗ್ಗೆಯೇ ಮೂರು ಫೋನ್. ಫಿನ್‌ಲೆಂಡಿನ ಪೈನ್ ಮರಗಳಿಂದ ಕೊರೆದು ತೆಗೆದ ಹನ್ನೆರಡು ಕಡ್ಡಿಗಳು, ಪೆನ್ಸಿಲ್ ದಪ್ಪದವು, ಆರು ವಾರದಿಂದ ಬಂದರಿನ ಗೋದಾಮಿನಲ್ಲಿ ಬಿದ್ದಿವೆ. ಕಸ್ಟಮ್ಸ್‌ನಿಂದ ಬಿಡಿಸಿಕೊಡಬೇಕಾದ ಏಜೆಂಟ್ ಡೆನ್ಜಿಲ್ ಮಂಗಳೂರಿನವರು. ಬಹಳ ಸಮಾಧಾನಿ. ನನಗೆ ಸಮಾಧಾನ ಬೇಡ, ಕಡ್ಡಿ ಬೇಕು.
“ಮೇಡಂ, ಮರ ಅಂತ ಬರ್ದಿದ್ದಾರೆ. ಫರ್ನಿಚರ್ ಫಾರ್ಮ್ ಕೇಳ್ತಾರೆ.”
“ಫರ್ನಿಚರ್ ಅಲ್ಲ ಡೆನ್ಜಿಲ್, ಐನೂರು ವರ್ಷದ ಹವಾಮಾನ.”
“ಅದಕ್ಕೆ ಫಾರ್ಮೇ ಇಲ್ಲ ಲಾ.”
ನಾನೇ ಹೋಗೋಣವೆಂದರೆ ಲಾಕ್‌ಡೌನ್, ಮನೆಯಿಂದ ಹತ್ತು ಕಿಲೋಮೀಟರ್ ದಾಟುವಂತಿಲ್ಲ.

16 ಫೆಬ್ರವರಿ
ಬಂದವು. ಎರಡಕ್ಕೆ ಬೂಷ್ಟು. ಲ್ಯಾಬ್ ಮುಚ್ಚಿದೆ, ಆದ್ದರಿಂದ ಊಟದ ಮೇಜೇ ಲ್ಯಾಬ್. ಒಂದು ತುದಿಯಲ್ಲಿ ನಾನು ಕಡ್ಡಿ ಉಜ್ಜುವುದು, ಇನ್ನೊಂದು ತುದಿಯಲ್ಲಿ ಮಗಳು ಅನನ್ಯಳ ಆನ್‌ಲೈನ್ ಕ್ಲಾಸ್.
“ಅಮ್ಮಾ, ಮೈ ಟೀಚರ್ ಕ್ಯಾನ್ ಹಿಯರ್ ಯುವರ್ ಸ್ಯಾಂಡ್‌ಪೇಪರ್.”
ಕೇಳಲಿ.

3 ಮಾರ್ಚ್
ಬೇಸಿಗೆ ಬೆಚ್ಚಗಿದ್ದರೆ ಉಂಗುರ ಅಗಲ, ತಣ್ಣಗಿದ್ದರೆ ಸಣ್ಣ. 1601ರದ್ದು ಕೂದಲೆಳೆಯಷ್ಟು. ಹೊಸ ಕಡ್ಡಿಗಳಲ್ಲಿ ಏಳರಲ್ಲಿ ಇದೆ. 2019ರಲ್ಲಿ ನಾವು ಜರ್ನಲ್‌ನಲ್ಲಿ ಅಚ್ಚು ಹಾಕಿಸಿದ ಪೇಪರಿನ ಕಡ್ಡಿಗಳಲ್ಲಿ ಒಂದರಲ್ಲೂ ಇಲ್ಲ. ಆ ಚಳಿಗೆ ಆ ಮರಗಳು ಬೆಳೆದೇ ಇಲ್ಲ... ತೊಗಟೆಯಿಂದ ಒಳಕ್ಕೆ ಎಣಿಸುತ್ತಾ ನಾನು 1600ರ ಉಂಗುರವನ್ನೇ 1601 ಎಂದುಕೊಂಡುಬಿಟ್ಟೆ. ಅಲ್ಲಿಂದ ಹಿಂದಿನ ನೂರಿಪ್ಪತ್ತು ವರ್ಷಗಳೂ ಒಂದೊಂದು ವರ್ಷ ತಪ್ಪು. ಎಣಿಸಿದವಳು ನಾನು. ಬೇರೆ ಯಾರ ತಲೆಗೂ ಕಟ್ಟಲು ಬರುವುದಿಲ್ಲ.

4 ಮಾರ್ಚ್
ಗೋಪಿನಾಥ ಸರ್‌ಗೆ ಫೋನ್ ಮಾಡಿದೆ. ನನ್ನ ಗೈಡ್, ಪೇಪರಿನಲ್ಲಿ ಅವರ ಹೆಸರೂ ಇದೆ. ಈಗ ರಿಟೈರ್ ಆಗಿ ಮೈಸೂರಿನಲ್ಲಿದ್ದಾರೆ.
“ಒಂದು ವರ್ಷ ತಾನೇ ಸುಮತಿ. ಯಾರು ನೋಡ್ತಾರೆ?”
“ನಮ್ಮ ಇಸವಿ ನಂಬಿ ಇನ್ನಿಬ್ಬರು ಪೇಪರ್ ಬರ್ದಿದ್ದಾರೆ ಸರ್.”
“ನಿನ್ನ ಮೈಕ್ರೋಸ್ಕೋಪ್ ಸರಿ ಇದೆಯಾ?”
ಎಲ್ಲ ಕಡ್ಡಿಗಳ ಸ್ಕ್ಯಾನ್ ಮೇಲ್ ಮಾಡಿದೆ. ನೋಡಿಕೊಳ್ಳಲಿ.

24 ಏಪ್ರಿಲ್
ಏಳು ವಾರ. ಸರ್ ಕಡೆಯಿಂದ ಉತ್ತರ ಇಲ್ಲ. ಜರ್ನಲ್‌ಗೆ ತಿದ್ದುಪಡಿ ಪತ್ರ ಬರೆದು ಇಟ್ಟಿದ್ದೇನೆ, ಅವರ ಒಪ್ಪಿಗೆ ಇಲ್ಲದೆ ಕಳಿಸುವಂತಿಲ್ಲ. ನಾಲ್ಕನೇ ಮೇಲ್ ಇವತ್ತು. ಅದರಲ್ಲಿ “ಪ್ರಾಮಾಣಿಕತೆ ಪಾಠ ಮಾಡಿದವರು ನೀವೇ” ಅಂತ ಒಂದು ಸಾಲು. ಬರೆದದ್ದಕ್ಕೆ ಬೇಸರವೇನೂ ಇಲ್ಲ.

27 ಏಪ್ರಿಲ್
ಅವರ ಹೆಂಡತಿ ಭಾನುಮತಿ ಮೇಡಂ ಫೋನ್. ಸರ್ ಆಸ್ಪತ್ರೆಯಲ್ಲಿ. ಶುಕ್ರವಾರದಿಂದ ಆಕ್ಸಿಜನ್.
ನನ್ನ ಮೇಲ್ ಶನಿವಾರದ್ದು.

30 ಮೇ
ಸರ್ ಫೋನ್ ಮಾಡಿದರು. ಮನೆಗೆ ಬಂದು ನಾಲ್ಕು ದಿನವಾಯಿತಂತೆ. ಧ್ವನಿ ಪೂರ್ತಿ ಇಳಿದುಹೋಗಿದೆ.
“ಪತ್ರ ಹೋಯ್ತಾ?”
“ಇಲ್ಲ ಸರ್. ನಿಮ್ಮ ಒಪ್ಪಿಗೆ—”
“ನಾನು ಹೋಗ್ಲಿ ಅಂತ ಕಾಯ್ತಿದ್ದೆಯಾ?” ಕೆಮ್ಮಿದರು. “ಜ್ವರ ಬರೋಕೆ ಮುಂಚೇನೇ ಎಣಿಸಿದ್ದೆ. ಮೂರು ಸಲ. ನಿಂದೇ ಸರಿ. ಹೇಳೋಕೆ ನಾಚಿಕೆ ಆಯ್ತು ಕಣಮ್ಮ.”
ಐದು ವಾರ ಈ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಹೆದರಿಕೊಂಡಿದ್ದೆ. ಇವತ್ತು ಸಿಟ್ಟೆಲ್ಲ ಒಟ್ಟಿಗೆ ಬಂತು, ಜೊತೆಗೆ ಅಳುವೂ.
“ತಪ್ಪು ನಮ್ಮಿಬ್ಬರದು ಅಂತ ಬರಿ.”
“ಎಣಿಸಿದ್ದು ನಾನು.”
“ಸಹಿ ಹಾಕಿದ್ದು ನಾನು.”
ಅದಕ್ಕೂ ಅರ್ಧ ಗಂಟೆ ಜಗಳ. ಹಿಂದಿನಿಂದ ಮೇಡಂ, ಉಸಿರು ಹಾಳುಮಾಡ್ಕೋಬೇಡಿ ಎಂದು ಬೈಯುತ್ತಿದ್ದರು. ಕೊನೆಗೆ ಹೂಂ ಅಂದೆ.

31 ಮೇ, ಬೆಳಗ್ಗೆ 10.40
ಕಳಿಸಿದೆ. ನಾಳೆಯಿಂದ ಮತ್ತೆ ಲಾಕ್‌ಡೌನ್.
“ಸೋ ಆರ್ ಯು ಇನ್ ಟ್ರಬಲ್?” ಎಂದು ಅನನ್ಯ ಕೇಳಿದಳು. ಹೌದು ಅಂದೆ. ಪಕ್ಕಕ್ಕೆ ಬಂದು ಕೂತಳು.
ಸರ್ ಫೋನ್. ಪ್ರತಿ ನೋಡಿದರಂತೆ. ಎರಡನೇ ಸಾಲಿನಲ್ಲಿ ‘ನಾನು’ ಯಾಕಿದೆ, ‘ನಾವು’ ಅಂತ ಒಪ್ಪಿರಲಿಲ್ಲವಾ ಎಂದು ಮತ್ತೆ ಜಗಳ.